ನಾನಿಯ ಮನೆಯ ಚಳಿಗಾಲ: ಬಿಸಿಯನ್ನು ಉಳಿಸುವ ವಿದ್ಯೆ

ನನ್ನ ನಾನಿಯ ಊರು ಔರಾದ ತಾಲ್ಲೂಕಿನಲ್ಲಿದೆ. ಅಲ್ಲಿ ಚಳಿಗಾಲ ಬಂತೆಂದು ಯಾರೂ ಕ್ಯಾಲೆಂಡರ್ ನೋಡಿ ಹೇಳುವುದಿಲ್ಲ. ಅಂಗಳಕ್ಕೆ ಒಂದು ಪುಟ್ಟ ಹಕ್ಕಿ ಬರುತ್ತದೆ. ಬಿಳಿ, ಕಪ್ಪು, ಬೂದು ಬಣ್ಣದ್ದು. ನಡೆದಲ್ಲೆಲ್ಲ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಕನ್ನಡದಲ್ಲಿ ಅದಕ್ಕೆ ಸಿಪಿಲೆ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮಮೋಲಾ. ಬೇಸಿಗೆಯಲ್ಲಿ ಹಿಮಾಲಯದಲ್ಲಿ ಮತ್ತು ಅದರಾಚೆಯ ಉತ್ತರದ ನಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ನಮ್ಮ ಕಡೆ ಬರುತ್ತದೆ. ಅದು ಕಂಡ ದಿನ ನಾನಿ ಹೇಳುವುದು ಒಂದೇ ಮಾತು: "ಬೇಟಾ, ಮಮೋಲಾ ಬಂತು. ರಜಾಯಿ ತೆಗೆದು ಬಿಸಿಲಿಗೆ ಹಾಕು."

ಹೋದ ವರ್ಷ ನವೆಂಬರ್ ಕೊನೆಯಲ್ಲಿ ರಜೆಗೆ ಹೋದಾಗಲೂ ಇದೇ ಮಾತು ಕೇಳಿದೆ. ಆ ರಜೆಯಲ್ಲಿ ನಾನು ಕಲಿತದ್ದನ್ನು, ಮತ್ತು ಒಂದು ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದನ್ನು ಈ ಲೇಖನದಲ್ಲಿ ಬರೆದಿದ್ದೇನೆ. ನಮ್ಮ ಕಾಲೇಜಿನ ಬಹಳಷ್ಟು ವಿದ್ಯಾರ್ಥಿಗಳು ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಿಂದ ಬರುತ್ತಾರೆ. ಅವರ ಮನೆಯಲ್ಲೂ ಇಂಥದೇ ಚಳಿ, ಇಂಥದೇ ಶೆಗಡಿ ಇರುತ್ತದೆ.

ರಜಾಯಿ ಬಿಸಿ ಕೊಡುತ್ತದೆಯೇ?

ಭೌತಶಾಸ್ತ್ರದ ತರಗತಿಯಲ್ಲಿ ಉಷ್ಣದ ಪಾಠ ಆಗಷ್ಟೇ ಮುಗಿದಿತ್ತು. "ನಾನಿ, ರಜಾಯಿ ಬಿಸಿ ಕೊಡುತ್ತದಾ?" ಎಂದು ಕೇಳಿದೆ. "ಕೊಡದೆ ಮತ್ತೆ? ಅದಕ್ಕೇ ಅಲ್ವಾ ಹೊದ್ದುಕೊಳ್ಳೋದು?" ಎಂದರು. ಒಂದು ಪ್ರಯೋಗ ಮಾಡೋಣ ಎಂದೆ. ಮನೆಯಲ್ಲಿ ಕೋಣೆಯ ತಾಪ ಅಳೆಯುವ ಎರಡು ಥರ್ಮಾಮೀಟರ್ ಇದ್ದವು. ಒಂದನ್ನು ಗೋಡೆಗೆ ತೂಗುಹಾಕಿದೆ. ಇನ್ನೊಂದನ್ನು ಮಡಚಿದ ರಜಾಯಿಯ ನಡುವೆ ಇಟ್ಟೆ. ಎರಡು ತಾಸು ಬಿಟ್ಟು ನೋಡಿದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. ರಜಾಯಿಗೆ ತನ್ನದೇ ಆದ ಬಿಸಿ ಇಲ್ಲ ಎಂದಾಯಿತು.

ಹಾಗಾದರೆ ರಾತ್ರಿ ಅದರೊಳಗೆ ಬೆಚ್ಚಗಾಗುವುದು ಹೇಗೆ? ಬಿಸಿ ನಮ್ಮದೇ. ನಾವು ಉಂಡ ಅನ್ನ, ರೊಟ್ಟಿ ದೇಹದಲ್ಲಿ ನಿಧಾನವಾಗಿ ಉರಿಯುತ್ತಿರುತ್ತದೆ. ನಿದ್ದೆಯಲ್ಲಿರುವ ದೊಡ್ಡವರ ದೇಹ ಸುಮಾರು 70ರಿಂದ 80 ವಾಟ್‌ನಷ್ಟು ಶಾಖವನ್ನು ಹೊರಗೆ ಬಿಡುತ್ತದೆ. ಹಳೆಯ ಕಾಲದ ಒಂದು ಬಲ್ಬಿನಷ್ಟು! ರಜಾಯಿಯ ಕೆಲಸ ಆ ಶಾಖ ಬೇಗ ಹೋಗದಂತೆ ತಡೆಯುವುದು ಮಾತ್ರ. ಐಸ್ ಮಾರುವವರು ಐಸಿನ ಮೇಲೆ ಗೋಣಿಚೀಲ ಹೊದಿಸುತ್ತಾರಲ್ಲ, ಅದೂ ಇದೇ ವಿದ್ಯೆ. ಅಲ್ಲಿ ಹೊರಗಿನ ಬಿಸಿ ಒಳಗೆ ಹೋಗದಂತೆ ತಡೆ, ಇಲ್ಲಿ ಒಳಗಿನ ಬಿಸಿ ಹೊರಗೆ ಹೋಗದಂತೆ ತಡೆ.

ಇದನ್ನು ವಿವರಿಸಿದಾಗ ನಾನಿ ನಕ್ಕರು. "ಅಂದರೆ ರಜಾಯಿ ಕಾವಲುಗಾರ ಅನ್ನು" ಎಂದರು. ಆ ಮಾತನ್ನೇ ಹಿಡಿದುಕೊಂಡು ಸುತ್ತ ನೋಡತೊಡಗಿದೆ. ಮನೆಯಲ್ಲಿ, ಹೊಲದಲ್ಲಿ, ಗಿಡದ ಮೇಲೆ ಎಲ್ಲೆಲ್ಲೂ ಕಾವಲುಗಾರರೇ ಕಾಣಿಸಿದರು.

ನಮ್ಮಲ್ಲಿ ಇಷ್ಟು ಚಳಿ ಏಕೆ?

ಬೀದರ ಕರ್ನಾಟಕದ ಉತ್ತರದ ತುದಿಯಲ್ಲಿದೆ. ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರ ಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಸಮುದ್ರ ಬಹಳ ದೂರ. ಸಮುದ್ರದ ಹತ್ತಿರದ ಊರುಗಳಿಗೆ ನೀರು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ಕೊಡುತ್ತದೆ. ನಮಗೆ ಆ ಅನುಕೂಲ ಇಲ್ಲ. ಮಳೆಗಾಲ ಮುಗಿದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ಒಣಗುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶದ ಕಡೆಗೆ ಬಿಟ್ಟುಬಿಡುತ್ತದೆ. ಮೋಡ ಇದ್ದ ರಾತ್ರಿ ಆ ಶಾಖದಲ್ಲಿ ಸ್ವಲ್ಪ ಭಾಗ ಮರಳಿ ಬರುತ್ತದೆ. ಮೋಡವಿಲ್ಲದ ರಾತ್ರಿ ಭೂಮಿ ರಜಾಯಿ ಇಲ್ಲದೆ ಮಲಗಿದಂತೆ. ಆದ್ದರಿಂದಲೇ ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನ ಅಂಗಿಯೊಂದೇ ಸಾಕು, ಬೆಳಗಿನ ಜಾವ ಹಲ್ಲು ಕಟಕಟ. ಕೆಲವು ವರ್ಷ ರಾತ್ರಿಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತದೆ.

ಅದೇ ಬೆಳಗಿನ ಜಾವ ಬಾವಿಯ ನೀರಿನಲ್ಲಿ ವಜೂ ಮಾಡಿದರೆ ನೀರು ಉಗುರುಬೆಚ್ಚಗೆ ಅನಿಸುತ್ತದೆ. ಬಾವಿಯ ನೀರು ರಾತ್ರಿ ಕಾದದ್ದಲ್ಲ. ನೆಲದ ಆಳದಲ್ಲಿ ವರ್ಷವಿಡೀ ತಾಪ ಹೆಚ್ಚು ಏರುಪೇರಾಗುವುದಿಲ್ಲ, ಮೇಲಿನ ಮಣ್ಣೇ ಅದಕ್ಕೆ ಹೊದಿಕೆ. ಮೇಲಿನ ಗಾಳಿ ತಣ್ಣಗಾದ್ದರಿಂದ ನಮಗೆ ನೀರು ಬೆಚ್ಚಗೆ ಕಾಣುತ್ತದೆ. ಬೇಸಿಗೆಯಲ್ಲಿ ಅದೇ ನೀರು ತಂಪು. ಬಹಮನಿ ಸುಲ್ತಾನರ ಕಾಲದಲ್ಲಿ ನಮ್ಮ ಬೀದರಿನ ನೌಬಾದಿನಲ್ಲಿ ತೋಡಿದ ಕರೇಜ್, ಅಂದರೆ ಸುರಂಗದ ಮೂಲಕ ನೀರು ಹರಿಸುವ ವ್ಯವಸ್ಥೆ, ನೆಲದ ಕೆಳಗೇ ಇದ್ದುದರಿಂದ ಬಿಸಿಲಿಗೆ ಆವಿಯಾಗದೆ ನೀರು ಉಳಿಯುತ್ತಿತ್ತು. ಅಲ್ಲಿಯೂ ಮಣ್ಣೇ ಕಾವಲುಗಾರ.

ಗಾಳಿಯನ್ನು ಹಿಡಿಯುವ ಕೈಗಳು

ಶಾಖವನ್ನು ತಡೆಯುವುದರಲ್ಲಿ ನಿಜವಾದ ಕೆಲಸ ಮಾಡುವುದು ಹತ್ತಿಯಲ್ಲ, ಉಣ್ಣೆಯೂ ಅಲ್ಲ, ಅವುಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ದಾಟಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಚಳಿ ಹೆಚ್ಚಾಗುವುದು ಇದರಿಂದಲೇ.

ಹಳೆಯ ರಜಾಯಿ ಚಪ್ಪಟೆಯಾಗಿ ಗಟ್ಟಿಯಾದರೆ ಅದರೊಳಗಿನ ಗಾಳಿ ಹೋಯಿತು ಎಂದರ್ಥ. ತೂಕ ಅಷ್ಟೇ ಇರುತ್ತದೆ, ಬಿಸಿ ನಿಲ್ಲುವುದಿಲ್ಲ. ಆಗ ಪಿಂಜಾರರ ಬಳಿ ಹೋಗಬೇಕು. ನಮ್ಮ ಕಡೆ ನದಾಫ್ ಎಂದೂ ಕರೆಯುತ್ತಾರೆ. ಹಿಂದೆ ಅವರು ತಂತಿ ಬಿಗಿದ ದೊಡ್ಡ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರಿಗೆ ಬರುತ್ತಿದ್ದರಂತೆ. ಆ ತಂತಿ ಮಿಡಿದ ಸದ್ದಿಗೆ ಮಕ್ಕಳೆಲ್ಲ ಓಡಿಬರುತ್ತಿದ್ದರು ಎಂದು ಅಮ್ಮಿ ಹೇಳುತ್ತಾರೆ. ಈಗ ಬಹುತೇಕ ಕಡೆ ಯಂತ್ರವಿದೆ. ಕೆಲಸ ಮಾತ್ರ ಅದೇ: ಗಂಟುಕಟ್ಟಿದ ಹತ್ತಿಯನ್ನು ಬಿಡಿಸಿ ಎಳೆಗಳ ನಡುವೆ ಮತ್ತೆ ಗಾಳಿ ತುಂಬುವುದು. ಹೊಸ ಹತ್ತಿ ಒಂದು ಹಿಡಿಯೂ ಸೇರಿಸದೆ ಹಳೆಯ ರಜಾಯಿ ಹೊಸದಾಗುತ್ತದೆ.

ನಮ್ಮ ಕಡೆಯ ಕೌದಿಯೂ ಹಾಗೆಯೇ. ಹಳೆಯ ಸೀರೆ, ಲುಂಗಿ, ಚೂಡಿದಾರದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಹೊಲಿಗೆ ಹಾಕಿ ಮಾಡುತ್ತಾರೆ. ಪ್ರತಿ ಎರಡು ಪದರದ ನಡುವೆ ಒಂದು ತೆಳು ಗಾಳಿಯ ಪದರ. ನಾಲ್ಕು ತೆಳು ಬಟ್ಟೆ ಒಂದು ದಪ್ಪ ಬಟ್ಟೆಗಿಂತ ಬೆಚ್ಚಗಿರುವುದಕ್ಕೆ ಇದೇ ಕಾರಣ. ದಖ್ಖನಿ ಕುರಿಯ ಉಣ್ಣೆಯಿಂದ ಕುರುಬರು ನೇಯುವ ಕಂಬಳಿ ಇನ್ನೊಂದು ಹೆಜ್ಜೆ ಮುಂದೆ. ಉಣ್ಣೆಯ ಎಳೆ ನೇರವಾಗಿರದೆ ಅಲೆಅಲೆಯಾಗಿರುತ್ತದೆ, ಆದ್ದರಿಂದ ಒತ್ತಿದರೂ ಮತ್ತೆ ಏಳುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಇಬ್ಬನಿ ಬೀಳುವ ರಾತ್ರಿ ಬಯಲಿನಲ್ಲಿ ಕುರಿ ಕಾಯುವವರ ಹೆಗಲ ಮೇಲೆ ಕಂಬಳಿ ಏಕೆ ಇರುತ್ತದೆ ಎಂಬುದು ಆಗ ಅರ್ಥವಾಯಿತು.

ಆ ರಜೆಯಲ್ಲಿ ನಾನು ಮುಮಾನಿಯಿಂದ ಸ್ವೆಟರ್ ಹೆಣಿಗೆ ಕಲಿಯಲು ಕುಳಿತೆ. ಸಲಾಯಿ ಎರಡು, ಉಲನ್ ಉಂಡೆ ಒಂದು, ಫಂದಾ ಎರಡೇ ಬಗೆ: ಸೀದಾ ಮತ್ತು ಉಲ್ಟಾ. ಎಲ್ಲ ಸಾಲುಗಳೂ ಈ ಎರಡರಿಂದಲೇ ಹುಟ್ಟುತ್ತವೆ. ನಾನು ಭಯಪಟ್ಟು ಫಂದಾಗಳನ್ನು ಬಿಗಿಯಾಗಿ ಎಳೆದೆ. ಮುಮಾನಿ ಎಲ್ಲವನ್ನೂ ಬಿಚ್ಚಿಸಿದರು. "ಇಷ್ಟು ಬಿಗಿ ಮಾಡಿದರೆ ಹಲಗೆ ಆಗುತ್ತದೆ, ಸ್ವೆಟರ್ ಆಗುವುದಿಲ್ಲ" ಎಂದರು. ನೇಯ್ದ ಬಟ್ಟೆಯಲ್ಲಿ ಎಳೆಗಳು ಅಡ್ಡಡ್ಡ ದಾಟುತ್ತವೆ, ಹೆಣಿಗೆಯಲ್ಲಿ ಒಂದೇ ಎಳೆ ಕುಣಿಕೆ ಕುಣಿಕೆಯಾಗಿ ಸಾಗುತ್ತದೆ. ಆ ಕುಣಿಕೆಗಳೇ ಗಾಳಿ ತುಂಬುವ ಚಿಕ್ಕ ಚಿಕ್ಕ ಕೋಣೆಗಳು. ಜೋರು ಗಾಳಿ ಬೀಸಿದರೆ ಮಾತ್ರ ಆ ಕೋಣೆಗಳ ಗಾಳಿ ಓಡಿಹೋಗುತ್ತದೆ. ಬೈಕಿನ ಮೇಲೆ ಹೋಗುವಾಗ ಸ್ವೆಟರಿನ ಮೇಲೊಂದು ತೆಳು ಜಾಕೆಟ್ ಬೇಕಾಗುವುದು ಅದಕ್ಕೇ.

ರೆಕ್ಕೆಯವರು, ಕಾಲಿನವರು

ಬೆಳಿಗ್ಗೆ ಏಳು ಗಂಟೆಗೆ ಅಂಗಳದ ಮಮೋಲಾವನ್ನು ನೋಡಿದರೆ ಅದು ಚೆಂಡಿನಂತೆ ದುಂಡಗಿರುತ್ತದೆ. ಹತ್ತು ಗಂಟೆಗೆ ನೋಡಿದರೆ ಸಪೂರ. ದಪ್ಪಗಾದದ್ದೂ ಇಲ್ಲ, ತೆಳ್ಳಗಾದದ್ದೂ ಇಲ್ಲ. ಚಳಿಗೆ ಗರಿಗಳನ್ನು ಉಬ್ಬಿಸಿ ಅವುಗಳ ನಡುವೆ ಗಾಳಿ ಹಿಡಿದುಕೊಂಡಿತ್ತು, ಬಿಸಿಲು ಬಂದಾಗ ಮಡಚಿಕೊಂಡಿತು. ಹಕ್ಕಿಗಳ ಮೈಬಿಸಿ ನಮಗಿಂತ ಹೆಚ್ಚು, ಸುಮಾರು 40 ಡಿಗ್ರಿ. ಇಷ್ಟು ಪುಟ್ಟ ದೇಹದಲ್ಲಿ ಅಷ್ಟು ಬಿಸಿ ಉಳಿಸಿಕೊಳ್ಳಲು ಅದು ಹಗಲೆಲ್ಲ ಹುಳು ಹೆಕ್ಕುತ್ತಲೇ ಇರಬೇಕು.

ಬೀದಿಯ ನಾಯಿ ಒಲೆಯ ಬೂದಿಯಲ್ಲಿ ಮೂಗನ್ನು ಬಾಲದೊಳಗೆ ಸೇರಿಸಿ ಉಂಡೆಯಾಗಿ ಮಲಗುತ್ತದೆ. ಮೈ ಮುದುಡಿದಷ್ಟೂ ಹೊರಗಿನ ಗಾಳಿಗೆ ತೆರೆದ ಭಾಗ ಕಡಿಮೆ. ಬೂದಿಯೂ ಶಾಖವನ್ನು ಬೇಗ ಬಿಡುವುದಿಲ್ಲ. ನಾನಿ ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಅದರಿಂದಲೇ ಒಲೆ ಹಚ್ಚುವುದನ್ನು ನೋಡಿದ್ದೇನೆ. ಓತಿಕ್ಯಾತನಿಗೆ ಮಾತ್ರ ಈ ಯಾವ ಉಪಾಯವೂ ಇಲ್ಲ. ಅದಕ್ಕೆ ಒಳಗಿನಿಂದ ಸಾಕಷ್ಟು ಬಿಸಿ ಹುಟ್ಟುವುದಿಲ್ಲ. ಬಿಸಿಲು ಬೀಳುವವರೆಗೆ ಗೋಡೆಯ ಮೇಲೆ ಮಂಕಾಗಿ ಕುಳಿತಿದ್ದು, ಮೈ ಕಾದ ಮೇಲೆಯೇ ಓಡುತ್ತದೆ.

ಮಾಮು ಜೊತೆ ಹೊಲಕ್ಕೆ ಹೋದ ದಿನ ತೊಗರಿಯ ಅಂಚಿನಾಚೆ ಚಿಗರಿ ಹಿಂಡು ನಿಂತಿತ್ತು. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಓದುವುದು ಇದನ್ನೇ. ಗಂಡಿನ ಬೆನ್ನು ಕಪ್ಪು, ಕೊಂಬು ತಿರುಪಿನಂತೆ. ಹೆಣ್ಣು, ಮರಿಗಳು ಕಂದು. ಅವು ದಟ್ಟ ಕಾಡಿನ ಪ್ರಾಣಿಗಳಲ್ಲ, ಬಯಲು ಹುಲ್ಲುಗಾವಲಿನವು. ಬೀದರ ಹತ್ತಿರದ ಹೊನ್ನಿಕೇರಿ ಅರಣ್ಯದ ಕಡೆಯೂ ಕಾಣಸಿಗುತ್ತವೆ. ಹುಲ್ಲುಗಾವಲು ಕಡಿಮೆಯಾದಂತೆ ಅವು ಹೊಲಕ್ಕೆ ಇಳಿಯುತ್ತವೆ, ಕಡಲೆಯ ಎಳೆ ಚಿಗುರು ಮೇಯುತ್ತವೆ. ಮಾಮುಗೆ ಅದು ನಷ್ಟ. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳಿಗೆ ಅತಿ ಹೆಚ್ಚಿನ ರಕ್ಷಣೆ ಇದೆ, ಮುಟ್ಟುವಂತಿಲ್ಲ. ಮಾಮು ಕೂಗಿ ಓಡಿಸುತ್ತಾರೆ. ಓಡಿದ ಮೇಲೆ ಅವು ನೆಗೆಯುವುದನ್ನು ನಿಂತು ನೋಡುವುದೂ ಮಾಮುವೇ.

ಆಕಾಶದಲ್ಲಿ ಇನ್ನೊಂದು ಹಿಂಡು ಇತ್ತು. ಗುಲಾಬಿ ಮೈನಾ. ಮೈ ಗುಲಾಬಿ, ತಲೆ ಮತ್ತು ರೆಕ್ಕೆ ಕಪ್ಪು. ಮಧ್ಯ ಏಷ್ಯಾದ ಕಡೆ ಮರಿ ಮಾಡುವ ಈ ಹಕ್ಕಿಗಳು ಮಳೆಗಾಲದ ಕೊನೆಯಿಂದಲೇ ಭಾರತಕ್ಕೆ ಬರತೊಡಗಿ, ಬೇಸಿಗೆಯವರೆಗೆ ಇರುತ್ತವೆ. ಇಂಗ್ಲಿಷರು ಇವನ್ನು ಜೋಳದ ಹಕ್ಕಿ ಎಂದೇ ಕರೆಯುತ್ತಿದ್ದರು. ಡಿಸೆಂಬರ್ ಕೊನೆಗೆ ಜೋಳದ ತೆನೆಯಲ್ಲಿ ಹಾಲು ತುಂಬುವಾಗ ಹುಡುಗರು ಕವಣೆ ಹಿಡಿದು ನಿಲ್ಲುವುದು ಇಂಥ ಹಿಂಡುಗಳಿಗೇ. ಆದರೆ ಅವು ಕಾಳನ್ನಷ್ಟೇ ತಿನ್ನುವುದಿಲ್ಲ, ಮಿಡತೆಗಳನ್ನೂ ರಾಶಿಗಟ್ಟಲೆ ತಿನ್ನುತ್ತವೆ. ಲೆಕ್ಕ ಎರಡೂ ಕಡೆ ಬರೆಯಬೇಕು.

ಅದೇ ಹೊಲದಲ್ಲಿ ಮಾಮು ಜೋಳದ ಸಾಲಿನ ನಡುವೆ ಎಡೆ ಹೊಡೆಯುತ್ತಿದ್ದರು. ಕಳೆಯೇ ಇರಲಿಲ್ಲ. ಏಕೆಂದು ಕೇಳಿದೆ. ಎರೆಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಬಿರುಕಿನಿಂದ ಒಳಗಿನ ತೇವ ಹಾರಿಹೋಗುತ್ತದೆ. ಮೇಲಿನ ಮಣ್ಣನ್ನು ಪುಡಿ ಮಾಡಿ ಬಿರುಕು ಮುಚ್ಚಿದರೆ ತೇವ ಉಳಿಯುತ್ತದೆ. ಹಿಂಗಾರಿ ಜೋಳಕ್ಕೆ ಹೊಸ ಮಳೆ ಹೆಚ್ಚೇನೂ ಬರುವುದಿಲ್ಲ. ಮಳೆಗಾಲದಲ್ಲಿ ನೆಲ ಕುಡಿದಿಟ್ಟ ನೀರಿನ ಮೇಲೆಯೇ ಅದು ತೆನೆ ಕಟ್ಟಬೇಕು. ಸಡಿಲಾದ ಆ ಎರಡು ಬೆರಳು ಮಣ್ಣು ಹೊಲದ ರಜಾಯಿ.

ಮೇಲೂ ಕೆಂಡ, ಕೆಳಗೂ ಕೆಂಡ

ಸಂಜೆ ನಾನಿ ನಾನ್‌ಖಟಾಯಿ ಮಾಡುತ್ತಿದ್ದರು. ಮನೆಯಲ್ಲಿ ಓವನ್ ಇಲ್ಲ. ದಪ್ಪ ತಳದ ದೇಗ್ಚಿಯಲ್ಲಿ ಎರಡು ಬೆರಳಷ್ಟು ಮರಳು ಹಾಕಿ ಒಲೆಯ ಮೇಲೆ ಕಾಯಿಸುತ್ತಾರೆ. ಒಳಗೆ ಒಂದು ಸಣ್ಣ ಸ್ಟ್ಯಾಂಡ್, ಅದರ ಮೇಲೆ ತಟ್ಟೆ. ಮೈದಾ, ಸಕ್ಕರೆ ಪುಡಿ, ತುಪ್ಪ, ಏಲಕ್ಕಿ ಕಲಸಿ ಮಾಡಿದ ಉಂಡೆಗಳನ್ನು ತಟ್ಟೆಯಲ್ಲಿ ದೂರ ದೂರ ಇಟ್ಟು, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೆ ನಾಲ್ಕು ಕೆಂಡ ಹರಡುತ್ತಾರೆ. ಬಿರಿಯಾನಿಗೆ ದಮ್ ಕೊಡುವ ಕ್ರಮವೇ ಇದು. ಮರಳು ಕೆಳಗಿನ ಉರಿಯ ಏರಿಳಿತವನ್ನು ತಾನು ಹೀರಿಕೊಂಡು ಸಮನಾಗಿ ಹಂಚುತ್ತದೆ. ಮೇಲಿನ ಕೆಂಡ ನಾನ್‌ಖಟಾಯಿಯ ತಲೆಯನ್ನು ಕೆಂಪಾಗಿಸುತ್ತದೆ. ಮಧ್ಯೆ ಮುಚ್ಚಳ ತೆಗೆದು ನೋಡಲು ಹೋದೆ, ಕೈಮೇಲೆ ಒಂದು ಏಟು ಬಿತ್ತು. ಮುಚ್ಚಳ ತೆಗೆದರೆ ಅಷ್ಟು ಹೊತ್ತು ಕೂಡಿಟ್ಟ ಬಿಸಿ ಒಂದೇ ಉಸಿರಿಗೆ ಹೋಗುತ್ತದೆ.

ಕಮಾನು ರೊಟ್ಟಿಗೆ ಹಿಟ್ಟು ನಾದಿದ ದಿನ ಇನ್ನೊಂದು ಸಂಗತಿ ಕಂಡೆ. ಬೇಸಿಗೆಯಲ್ಲಿ ಬೇಗ ಉಬ್ಬುವ ಖಮೀರದ ಹಿಟ್ಟು ಚಳಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಖಮೀರ ಎಂದರೆ ಜೀವಂತ ಯೀಸ್ಟ್, ಚಳಿಗೆ ಅದರ ಕೆಲಸ ನಿಧಾನ. ನಾನಿ ಪಾತ್ರೆಗೆ ಹಳೆಯ ಶಾಲು ಸುತ್ತಿ ಒಲೆಯ ಪಕ್ಕ ಇಟ್ಟರು. ಹಿಟ್ಟಿಗೂ ಸ್ವೆಟರ್!

ಆ ರಾತ್ರಿ

ನಾನ್‌ಖಟಾಯಿ ಆದ ಮೇಲೆ ಉಳಿದ ಕೆಂಡವನ್ನು ನಾನಿ ಶೆಗಡಿಗೆ ಹಾಕಿ, ಮೇಲೆ ಸ್ವಲ್ಪ ಇದ್ದಿಲು ಸೇರಿಸಿ ಮಲಗುವ ಕೋಣೆಗೆ ತಂದರು. ಹೊಗೆ ಪೂರ್ತಿ ಹೋಗುವವರೆಗೆ ಅಂಗಳದಲ್ಲೇ ಇಟ್ಟಿದ್ದರು. ಹೊಗೆ ಹೋದರೆ ಅಪಾಯ ಹೋಯಿತು ಎಂಬುದು ಅವರ ಲೆಕ್ಕ, ನನ್ನದೂ ಅದೇ ಲೆಕ್ಕ. ನಾನಿ ಮತ್ತು ಮಾಮುವಿನ ಆರು ವರ್ಷದ ಮಗ ಒಳಗೆ ಮಲಗಿದರು. ಗಾಳಿ ಬರುತ್ತದೆಂದು ಬಾಗಿಲು ಹಾಕಿ, ಕಿಟಕಿಯ ಸಂದಿಗೆ ಬಟ್ಟೆ ತುರುಕಿದ್ದು ನಾನೇ. ನಾನು ಹೊರಗಿನ ಕೋಣೆಯಲ್ಲಿ ಮಲಗಿದೆ.

ನಾನಿಗೆ ತಹಜ್ಜುದ್‌ಗೆ ಏಳುವ ರೂಢಿ. ಆ ರಾತ್ರಿ ಎದ್ದಾಗ ತಲೆ ಸಿಡಿಯುತ್ತಿತ್ತಂತೆ, ಕಾಲು ನಿಲ್ಲಲಿಲ್ಲವಂತೆ. ಗೋಡೆ ಹಿಡಿದು ಬಂದು ಬಾಗಿಲು ತೆರೆದು ಹೊಸ್ತಿಲ ಮೇಲೆ ಕುಸಿದರು. ಆ ಸದ್ದಿಗೆ ನಾನು ಎದ್ದೆ. ಮಗುವನ್ನು ಎಬ್ಬಿಸಿದರೆ ಬೇಗ ಎಚ್ಚರವಾಗಲಿಲ್ಲ. ಮಾಮು ಎತ್ತಿಕೊಂಡು ಅಂಗಳಕ್ಕೆ ತಂದರು. ತಣ್ಣನೆ ಗಾಳಿಯಲ್ಲಿ ಸ್ವಲ್ಪ ಹೊತ್ತಿಗೆ ಅವನು ವಾಂತಿ ಮಾಡಿಕೊಂಡು ಅಳತೊಡಗಿದ. ಅವನ ಅಳು ಕೇಳಿ ಅಷ್ಟು ಸಂತೋಷ ನಮಗೆ ಎಂದೂ ಆಗಿರಲಿಲ್ಲ. ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆವು. ಆಮ್ಲಜನಕ ಕೊಟ್ಟರು. ಅಲ್ಲಾಹನ ದಯೆಯಿಂದ ಇಬ್ಬರೂ ಮನೆಗೆ ಬಂದರು.

ಆದದ್ದು ಇಷ್ಟು. ಇದ್ದಿಲು ಸಾಕಷ್ಟು ಗಾಳಿ ಇಲ್ಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಿಲ್ಲದ ಕೆಂಪು ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಿದ್ದರೂ ದೇಹಕ್ಕೆ ಆಮ್ಲಜನಕ ತಲುಪುವುದಿಲ್ಲ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಗೊತ್ತಾಗುತ್ತದೆ. ನಿದ್ದೆಯಲ್ಲಿದ್ದವರಿಗೆ ಏನೂ ಗೊತ್ತಾಗುವುದಿಲ್ಲ.

ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಬಿಡಬಾರದೆಂದು ನಮ್ಮ ಪ್ರವಾದಿಯವರು (ಸ) ಕಲಿಸಿದ್ದಾರೆ. ಮದರಸಾದಲ್ಲಿ ಅದನ್ನು ಓದಿದ್ದೆ. ಕಾಲೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಬಗ್ಗೆಯೂ ಓದಿದ್ದೆ. ಕಿಟಕಿಯ ಸಂದಿಗೆ ಬಟ್ಟೆ ತುರುಕುವಾಗ ಎರಡೂ ನೆನಪಾಗಲಿಲ್ಲ. ಉಷ್ಣದ ಪಾಠವನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ ನನಗೆ ಆ ನಾಚಿಕೆ ಇನ್ನೂ ಹೋಗಿಲ್ಲ.

ಮನೆಯಲ್ಲಿ ಹೇಳಬೇಕಾದದ್ದು

ಶೆಗಡಿಯನ್ನು ಅಂಗಳದಲ್ಲಿ, ತೆರೆದ ಜಾಗದಲ್ಲಿ ಕಾಯಿಸಿಕೊಳ್ಳಿ. ಮಲಗುವ ಕೋಣೆಗೆ ತರಲೇಬೇಡಿ. ಕಿಟಕಿ ಸ್ವಲ್ಪ ತೆರೆದಿದೆ ಎಂಬ ಧೈರ್ಯವೂ ಬೇಡ. ಒಳಗೆ ಇದ್ದಿಲು ಉರಿಯುತ್ತಿದ್ದು ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂದರೆ ಅದನ್ನು ನೆಗಡಿ ಎಂದುಕೊಳ್ಳಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ತನ್ನಿ, 108ಕ್ಕೆ ಕರೆ ಮಾಡಿ.

ವಯಸ್ಸಾದವರಿಗೆ ಚಳಿ ನಿಜವಾಗಿಯೂ ಹೆಚ್ಚು. ಅವರ ಮಾಂಸಖಂಡ ಕಡಿಮೆಯಾಗಿರುತ್ತದೆ, ನಡುಕದಿಂದ ಹುಟ್ಟುವ ಬಿಸಿಯೂ ಕಡಿಮೆ. "ಶೆಗಡಿ ಬೇಡ" ಎಂದು ಹೇಳಿ ಸುಮ್ಮನಾದರೆ ಅವರು ಮತ್ತೆ ಅದನ್ನೇ ತರುತ್ತಾರೆ. ಬದಲಿಗೆ ಏನಾದರೂ ಕೊಡಬೇಕು. ರಜಾಯಿಯ ಹತ್ತಿಯನ್ನು ಬಿಡಿಸಿ ಕೊಡಿ, ಹಗಲು ಬಿಸಿಲಿಗೆ ಹಾಕಿ ತೇವ ತೆಗೆಯಿರಿ. ಹಾಸಿಗೆಯ ಕೆಳಗೂ ಒಂದು ಕೌದಿ ಹಾಸಿ, ಏಕೆಂದರೆ ಮೈಭಾರಕ್ಕೆ ಕೆಳಗಿನ ಹತ್ತಿ ಒತ್ತಿಹೋಗಿ ನೆಲವೇ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಹಾಕಿಸಿ. ಟೋಪಿ, ಕಾಲುಚೀಲ ಮರೆಯಬೇಡಿ. ಬಿಸಿನೀರನ್ನು ರಬ್ಬರ್ ಚೀಲದಲ್ಲಿ ತುಂಬಿ, ಬಟ್ಟೆ ಸುತ್ತಿ, ಕಾಲ ಬಳಿ ಇಡಬಹುದು.

ಈ ವರ್ಷ ನವೆಂಬರಿನಲ್ಲಿ ಮತ್ತೆ ಹೋಗಿದ್ದೆ. ನಾನು ಹೆಣೆದ ಸ್ವೆಟರ್ ಒಯ್ದಿದ್ದೆ. ಒಂದು ತೋಳು ಇನ್ನೊಂದಕ್ಕಿಂತ ಸ್ವಲ್ಪ ಉದ್ದವಿದೆ. ನಾನಿ ಅದನ್ನು ಹಾಕಿಕೊಂಡು, ಉದ್ದದ ತೋಳನ್ನು ಒಂದು ಸುತ್ತು ಮಡಚಿ, ಅಂಗಳದಲ್ಲಿ ಕುಳಿತಿದ್ದರು. ಶೆಗಡಿ ಅವರ ಮುಂದೆ, ಬಯಲಿನಲ್ಲಿ. ಮಲಗುವ ಹೊತ್ತಿಗೆ ಕೆಂಡದ ಮೇಲೆ ನೀರು ಹಾಕಿ ಆರಿಸಿ, ಶೆಗಡಿಯನ್ನು ಅಂಗಳದಲ್ಲೇ ಬಿಟ್ಟರು. ಬೆಳಿಗ್ಗೆ ಮಮೋಲಾ ಅದರ ಸುತ್ತ ಬಾಲ ಆಡಿಸುತ್ತ ಓಡಾಡುತ್ತಿತ್ತು.